ಹೆಬ್ಬಾಗಿಲ ಮನೆಯವರು

ನಮ್ಮ ಹಳೇ ಮೈಸೂರಿನವರಿಗೆ ಹೆಸರಿನ ಜೊತೆ ಮನೆತನದ ಹೆಸರು ಹಚ್ಚುವ ರೂಢಿಯಿಲ್ಲ. ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಅಲ್ಲಿಗೆ ಮುಗಿಯಿತು. ತುಮಕೂರಿನ ನಮ್ಮ ಆಫೀಸಿನಲ್ಲಿ ಆಂಜನಪ್ಪಂದಿರು ಮೂವರಿದ್ದೆವು: ಒಬ್ಬ ಉದ್ದ, ಒಬ್ಬ ಕರಿ, ನಾನು ಕುಳ್ಳ. ಎಂಬತ್ತೆರಡರಲ್ಲಿ ಧಾರವಾಡ ಕಡೆಯಿಂದ ದೇಸಾಯಿ ಎಂಬುವವರು ವರ್ಗವಾಗಿ ಬಂದರು. ಬಂದ ದಿನವೇ ಜವಾನನಿಂದ ಸಾಹೇಬರವರೆಗೆ ಎಲ್ಲರೂ ‘ದೇಸಾಯರೇ’ ಎನ್ನತೊಡಗಿದರು. (ಕೆಲಸದಲ್ಲಿ ನನ್ನಷ್ಟೇ ಸೋಮಾರಿ.) ನನಗೆ ಹೊಟ್ಟೆ ಉರಿಯಿತು.

ನಮ್ಮೂರು ನಿಟ್ಟೂರಿನಲ್ಲಿ ನಮ್ಮನ್ನು ಹೆಬ್ಬಾಗಿಲ ಮನೆಯವರು ಎನ್ನುತ್ತಿದ್ದದ್ದು ನೆನಪಾಯಿತು. ತಡವೇಕೆ? ಬಾಗಿಲಿಗೆ ‘ಆಂಜನಪ್ಪ ಹೆಬ್ಬಾಗಿಲು’ ಎಂದು ಬೋರ್ಡು ಬಡಿಸಿದೆ.

“ಇರೋದು ಬಾಡಿಗೆ ವಠಾರ. ಇದಕ್ಕೆ ಹೆಬ್ಬಾಗಿಲಂತೆ!” ಎಂದಳು ನನ್ನ ಹೆಂಡತಿ ಸಿದ್ದಲಕ್ಷ್ಮಮ್ಮ.

“ವಂಶದ ಗೌರವ ನಿಂಗೇನ್ ಗೊತ್ತೇ?”

ವಂಶ ಎಂದ ಮೇಲೆ ಜನಗಣತಿ ಬೇಡವೇ? ಭಾನುವಾರಗಳಲ್ಲಿ ಲೂನಾ ಏರಿ ಗುಬ್ಬಿ, ಕುಣಿಗಲ್ ಸುತ್ತಿದೆ. ಎಲ್ಲಿ ಹೋದರೂ ಹೆಬ್ಬಾಗಿಲ ಮನೆಯವರು! ಹೆಚ್ಚಿನವರು ರಾಗಿ ಬೆಳೆಯುವವರು, ಕೆಲವರು ಮೇಷ್ಟ್ರು, ಉಳಿದವರು ಚುನಾವಣೆಗೆ ನಿಂತು ಸೋಲುವವರು. ಸಿಕ್ಕವರನ್ನೆಲ್ಲ ತಬ್ಬಿಕೊಂಡು, “ನಾವೆಲ್ಲ ಒಂದೇ ರಕ್ತ, ದಾಯಾದಿಗಳು” ಎಂದು ಸಾರಿ ಬಂದೆ. ಮಾರ್ಕೋನಹಳ್ಳಿಯ ಬೀರಯ್ಯನಂತೂ ಕಣ್ಣೀರೇ ಹಾಕಿದ.

ಒಂದು ವಿಷಯ ಮರೆತಿದ್ದೆ. ದಾಯಾದಿ ಸತ್ತರೆ ನಮಗೂ ಸೂತಕ. ಅದು ಕಳೆಯುವವರೆಗೆ ಹಬ್ಬವಿಲ್ಲ, ಶುಭಕಾರ್ಯವಿಲ್ಲ. ಅಷ್ಟು ದೊಡ್ಡ ವಂಶದಲ್ಲಿ ಯಾರಾದರೊಬ್ಬರು ಸಾಯದೆ ಇರುತ್ತಾರೆಯೇ? ಯುಗಾದಿಗೆ ಕುಣಿಗಲ್ ಕಡೆಯ ಅಜ್ಜ ಹೋದರು, ಗೌರಿ ಹಬ್ಬಕ್ಕೆ ಗುಬ್ಬಿಯ ದೊಡ್ಡಪ್ಪ.

“ಈ ವರ್ಷ ಒಂದು ಒಬ್ಬಟ್ಟೂ ತಟ್ಟಲಿಲ್ಲ. ಮುಖಾನೇ ನೋಡದೋರಿಗೆಲ್ಲ ತಲೆಮೇಲೆ ನೀರು ಹುಯ್ಕೊಂಡಿದ್ದೇ ಆಯ್ತು!” ಎಂದು ಸಿದ್ದಲಕ್ಷ್ಮಮ್ಮ ಪಾತ್ರೆ ಕುಕ್ಕಿದಳು.

ಮಾಘದಲ್ಲಿ ಮಗಳ ಮದುವೆ ಗೊತ್ತಾಯಿತು. ಹಲವು ಸಂಬಂಧ ಕೈತಪ್ಪಿ ಕೊನೆಗೆ ಇದೊಂದು ಕುದುರಿತ್ತು. ಚಪ್ಪರ ಎದ್ದಿತು, ಗಂಡಿನ ಕಡೆಯವರು ಬಂದಿಳಿದರು. ಅವರ ಹಿಂದೆಯೇ ಬೀರಯ್ಯ.

“ಅಣ್ಣಯ್ಯ, ನಮ್ ಚಿಕ್ಕಪ್ಪ ಬೆಳಿಗ್ಗೆ ಹೋಗ್ಬುಟ್ಟ. ಸೂತಕ ಕಣಣ್ಣ, ಚಪ್ಪರ ಬಿಚ್ಚಿಸ್ಬುಡು.”

ಗಂಡಿನ ತಂದೆ ಜುಂಜಪ್ಪನವರು ಎದ್ದು ನಿಂತರು. “ಸೂತಕದಾಗೆ ಧಾರೆಯಾ? ಬ್ಯಾಡಪ್ಪ. ನಾವು ಬೇರೆ ಕಡೆ ನೋಡ್ಕೋತೀವಿ.”

ಮಗಳು ಅಳತೊಡಗಿದಳು.

ಆಗ ನನ್ನ ಸೋದರತ್ತೆ ಹೊಂಬಾಳಮ್ಮ ಎಲೆಅಡಿಕೆ ಉಗಿದು ಮುಂದೆ ಬಂದರು. “ಯಾವ ಸೂತಕ್ಲಾ? ನಾವು ಹೆಬ್ಬಾಗ್ಲೋರು ಯಾವಾಗಾದೋ? ನಮ್ ತಾತ ಹೊಟ್ಟೆಗಿಲ್ದೆ ಊರ್ಡಿಗೆರೆಯಿಂದ ಬಂದು ಹೆಬ್ಬಾಗ್ಲೋರ ಮನೇಲಿ ದನ ಕಾಯ್ತಿದ್ದ. ಮಗಳನ್ನ ಕೊಟ್ಟು ಮನೆ ಅಳಿಯ ಮಾಡ್ಕೊಂಡ್ರು. ಹಂಗೇ ಆ ಹೆಸ್ರು ಅಂಟ್ಕೊಂತು. ಅವ್ರು ನೆಂಟ್ರು, ದಾಯಾದಿಗಳಲ್ಲ! ಊರೆಲ್ಲ ಸುತ್ತಿದ್ಯಲ್ಲ, ನನ್ನೊಂದ್ ಮಾತು ಕೇಳಿದ್ಯಾ?”

“ಅದನ್ನ ಹುಡುಗಿ ಅಪ್ಪನೇ ಎಲ್ರ ಮುಂದೆ ಹೇಳ್ಲಿ” ಎಂದರು ಜುಂಜಪ್ಪನವರು.

ಸಿದ್ದಲಕ್ಷ್ಮಮ್ಮ ಮೈಕನ್ನು ತಂದು ನನ್ನ ಕೈಗೆ ತುರುಕಿದಳು. ಗಂಟಲು ಸರಿಮಾಡಿಕೊಂಡೆ. “ಮಹಾಜನಗಳೇ, ನಾವು ಹೆಬ್ಬಾಗಿಲ ಮನೆಯವರಲ್ಲ. ಮಾವನ ಮನೆಯ ಮುದ್ದೆ ಉಂಡ ಮನೆ ಅಳಿಯನ ಸಂತಾನ. ಅದೇ ನಮ್ಮ ವಂಶದ ಮೂಲ!” ಧ್ವನಿವರ್ಧಕ ಅದನ್ನು ಬಸ್‌ಸ್ಟ್ಯಾಂಡಿನವರೆಗೂ ಮುಟ್ಟಿಸಿತು.

ಧಾರೆ ಸುಸೂತ್ರವಾಗಿ ನಡೆಯಿತು. ಊಟವಾದ ಮೇಲೆ ಜುಂಜಪ್ಪನವರು ನನ್ನ ಕೈ ಹಿಡಿದುಕೊಂಡರು.

“ಬೀಗ್ರೇ, ನಮ್ ಹುಡುಗನ ಕೆಲ್ಸ ಹೋದ ತಿಂಗಳು ಹೋಯ್ತು. ಹೇಳೋಕೆ ನಾಚ್ಕೆ ಆಗ್ತಿತ್ತು. ಮನೆ ಅಳಿಯನ್ನ ಇಟ್ಕೊಳೋದು ನಿಮ್ಮಲ್ಲಿ ಕೀಳಲ್ಲ ಅಂತ ಮೈಕ್‌ನಾಗೇ ಹೇಳ್ಬುಟ್ರಲ್ಲ, ನೆಮ್ಮದಿಯಾಯ್ತು.”

ತಿರುಗಿ ನೋಡಿದರೆ ಅಳಿಯಂದಿರು ಟ್ರಂಕು ಹಿಡಿದು ನಮ್ಮ ಮನೆಯ ಕಡೆ ಹೊರಟಿದ್ದಾರೆ! ಮಗಳು ಕಣ್ಣಮುಂದೆಯೇ ಇರುತ್ತಾಳೆಂದು ಸಿದ್ದಲಕ್ಷ್ಮಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

“ಇರೋದೊಂದೇ ರೂಮು, ಅಳಿಯಂದ್ರಿಗೆ ಬಿಟ್ಕೊಡಿ. ನೀವು ನಡುಮನೇಲಿ ಮಲಕ್ಕೊಳಿ” ಎಂದಳು.

ಆರು ವರ್ಷವಾಯಿತು. ನಾನು ನಡುಮನೆಯಲ್ಲೇ ಮಲಗುತ್ತಿದ್ದೇನೆ.