ಗೋಡೆ ಒಡೆದರೆ ಇನ್ನೂರು ಪಾಯಿಂಟ್

ಈ ಸಲದ ನನ್ನ ವಿಮರ್ಶೆ ಓದಿ ಸಂಪಾದಕಿ ಬ್ರೆಂಡಾ ಕುರ್ಚಿಯಿಂದೆದ್ದು ಚಪ್ಪಾಳೆ ತಟ್ಟಬೇಕು, ಹಾಗೆ ಬರೆದೇ ತೀರುತ್ತೇನೆ ಎಂದು ಬುಧವಾರ ಬೆಳಿಗ್ಗೆ ಪಣ ತೊಟ್ಟೆ! ತೊಡದೆ ಗತಿಯೂ ಇರಲಿಲ್ಲ. ನಮ್ಮ ಯಾರ್ಕ್‌ಶೈರ್ ಕಣಿವೆಯ ವಾರಪತ್ರಿಕೆಯಲ್ಲಿ ವಿಡಿಯೋ ಗೇಮ್‌ಗಳ ಗುಣದೋಷ ಬರೆಯುವ ಅಂಕಣ ನನ್ನದು. ಇನ್ನೊಂದು ಸಲ ಸಪ್ಪೆಯಾಗಿ ಬರೆದರೆ ಆ ಜಾಗಕ್ಕೆ ಪದಬಂಧ ಹಾಕುವುದಾಗಿ ಬ್ರೆಂಡಾ ಹೇಳಿದ್ದಳು. ಸಂಜೆ ನಾಲ್ಕಕ್ಕೆ ಗಡುವು.

ಅದೃಷ್ಟಕ್ಕೆ ಈ ವಾರದ್ದು ನಮ್ಮ ಕಣಿವೆಯಲ್ಲೇ ನಡೆಯುವ ಕಾರ್ ರೇಸು. ರಸ್ತೆಗೇ ಅಂಟಿಕೊಳ್ಳಬೇಕೆಂದಿಲ್ಲ, ಗುಡ್ಡ, ಹೊಲ, ಹಳ್ಳ, ಎಲ್ಲಿ ಬೇಕಾದರೂ ನುಗ್ಗಬಹುದು. ನುಗ್ಗಲು ಕೂತೆ. ಅಷ್ಟರಲ್ಲಿ ಚಹಾಕ್ಕೆಂದು ಮಾವ ನಾರ್ಮನ್ ಬಂದರು. ಅರವತ್ತು ವರ್ಷದಿಂದ ಗಾರೆ ಸಿಮೆಂಟಿಲ್ಲದೆ, ಬರೀ ಕಲ್ಲು ಜೋಡಿಸಿ ಹೊಲಗಳ ಗೋಡೆ ಕಟ್ಟುವ ಮನುಷ್ಯ. ಅವರ ಮಗಳನ್ನು ನಾನು ಮದುವೆಯಾದ ಎಂಟು ವರ್ಷದಲ್ಲಿ ನನ್ನೊಡನೆ ಹತ್ತು ಮಾತಾಡಿದ್ದರೆ ಒಂಬತ್ತು ಮಳೆಯ ವಿಚಾರ.

ಪರದೆ ನೋಡಿದವರೇ ಮುಂದಕ್ಕೆ ಬಾಗಿದರು. "ಅದು ನಮ್ಮಪ್ಪ ಕಟ್ಟಿದ ಗೋಡೆ" ಎಂದರು. ಕಣ್ಣು ಹೊಳೆಯುತ್ತಿತ್ತು. ಆ ಖುಷಿಯಲ್ಲಿ ನನ್ನ ಹೆಬ್ಬೆರಳಿಗೆ ಏನಾಯಿತೋ! ನೂರೈವತ್ತು ಮೈಲಿ ವೇಗದಲ್ಲಿ ಹೋಗಿ ಗುದ್ದಿದೆ. ಗೋಡೆ ರಸ್ಕಿನಂತೆ ಪುಡಿಯಾಯಿತು. ಪರದೆ ನನಗೆ ಇನ್ನೂರು ಪಾಯಿಂಟ್ ಕೊಟ್ಟಿತು.

"ಪಾಯಿಂಟ್ ಯಾತಕ್ಕೆ?"

"ಒಡೆದದ್ದಕ್ಕೆ, ಮಾವ."

ಅವರು ಚಹಾದ ಕಪ್ಪು ಕೆಳಗಿಟ್ಟರು. ಏನೂ ಆಗಿಲ್ಲ ಎಂದು ತೋರಿಸಲು ಕಾರು ತಿರುಗಿಸಿದೆ. ಗೋಡೆ ಮೊದಲಿನಂತೆ ನಿಂತಿತ್ತು.

"ಯಾರು ಕಟ್ಟಿದ್ದು?"

"ತಾನೇ ಎದ್ದುಬಿಡುತ್ತೆ."

ಒಡೆದದ್ದನ್ನಾದರೂ ಕ್ಷಮಿಸುತ್ತಿದ್ದರೇನೋ, ಎದ್ದದ್ದನ್ನು ಕ್ಷಮಿಸಲಿಲ್ಲ! "ನನ್ನ ಸೊಂಟ ಹೋಗಿದ್ದು ಸುಮ್ಮನೇನಾ? ಕೊಡು ಇಲ್ಲಿ" ಎಂದು ರಿಮೋಟು ಕಿತ್ತುಕೊಂಡರು.

ಆಮೇಲಿನ ಐದು ಗಂಟೆ ನಾನು ಅನುಭವಿಸಿದ ಸಂಕಟ ಶತ್ರುವಿಗೂ ಬೇಡ. ರೇಸಿನ ಕಾರು ಇಪ್ಪತ್ತು ಮೈಲಿ ವೇಗದಲ್ಲಿ ಗೋಡೆಯಿಂದ ಗೋಡೆಗೆ ತಪಾಸಣೆಗೆ ಹೊರಟಿತು. ಒಂದು ರೇಸೂ ಆಡಿಲ್ಲ, ಏನು ಬರೆಯಲಿ? ಕೈಮುಗಿದು ರಿಮೋಟು ಕೇಳಿದೆ. "ಬರ್ಕೋ" ಎಂದರು.

ಅವರು ಹೇಳಿದ್ದನ್ನು ಬರೆದುಕೊಂಡೆ. ಒಳ್ಳೆಯದು: ಮೋಡಗಳು ಸರಿಯಾಗಿವೆ. ಕಾರು ಕಂಡರೆ ಕುರಿಗಳು ದಾರಿ ಬಿಡುತ್ತವೆ, ನಮ್ಮವಕ್ಕೆ ಆ ಬುದ್ಧಿಯಿಲ್ಲ. ಕೆಟ್ಟದ್ದು: ಗೋಡೆಯ ಎರಡು ಮೈಯನ್ನು ಹಿಡಿದಿಡುವ ಅಡ್ಡಗಲ್ಲು ಒಂದಾದರೂ ಕಾಣಲಿಲ್ಲ, ಕಾರೇಕೆ, ಕುರಿ ಮೈ ಉಜ್ಜಿದರೂ ಬೀಳುತ್ತದೆ. ಹೊಲದೊಳಗೆ ಹೋದ ಮೇಲೆ ಗೇಟು ಮುಚ್ಚಲು ರಿಮೋಟಿನಲ್ಲಿ ಗುಂಡಿಯೇ ಕೊಟ್ಟಿಲ್ಲ.

ನಾಲ್ಕಕ್ಕೆ ಐದು ನಿಮಿಷವಿತ್ತು. ಬೇರೆ ದಾರಿ ಕಾಣದೆ ಅದನ್ನೇ ಕಳಿಸಿ, ಪದಬಂಧವನ್ನು ನೆನೆಯುತ್ತ ಕೂತೆ. ಫೋನು ಬಂತು. ಬ್ರೆಂಡಾ ನಕ್ಕೂ ನಕ್ಕೂ ಸುಸ್ತಾಗಿದ್ದಳು. ಬದುಕಿದೆಯಾ ಬಡಜೀವವೇ ಅಂದುಕೊಂಡೆ!

"ಇದು ನೀನು ಬರೆದದ್ದಲ್ಲ" ಎಂದಳು.

"ಅಲ್ಲ" ಎಂದೆ.

"ಬರೆಸಿದವರಿಗೆ ಕೊಡು ಫೋನು."

ಎಂಟು ವರ್ಷದಲ್ಲಿ ನನ್ನೊಡನೆ ಆಡದಷ್ಟು ಮಾತನ್ನು ಮಾವ ಅವಳೊಡನೆ ಕಾಲು ಗಂಟೆಯಲ್ಲಿ ಆಡಿದರು. ಫೋನಿಟ್ಟು, ಅಂಕಣ ಈ ವಾರದಿಂದ ತಮ್ಮದೆಂದು ತಿಳಿಸಿದರು. ಹಾಗಾದರೆ ನನ್ನ ಗತಿಯೇನು ಎಂದು ಕ್ಷೀಣ ದನಿಯಲ್ಲಿ ಕೇಳಿದೆ.

ಮಾವ ಜೇಬಿನಿಂದ ತಮ್ಮ ದಪ್ಪ ಕೈಗವಸು ತೆಗೆದು ನನ್ನ ಮಡಿಲಿಗೆ ಹಾಕಿದರು. "ನಾಳೆ ಬೆಳಿಗ್ಗೆ ಏಳಕ್ಕೆ ಮೇಲಿನ ಹೊಲಕ್ಕೆ ಹೋಗು, ಹುಡುಗಾ. ಗೋಡೆ ಬಿದ್ದಿದೆ. ನಂಗೆ ಇನ್ಮೇಲೆ ಪುರುಸೊತ್ತಿರಲ್ಲ."