ಧರೆಪ್ಪ ಕಾಕಾನ ಒಂದು ನಿದ್ದೆ

ಬೆಳಗಿನ ಚಹಾ ಇನ್ನೂ ಗಂಟಲಿಗೆ ಇಳಿದಿರಲಿಲ್ಲ, ಬೆಳಗಾವಿಯಿಂದ ದೀಪಾಲಿ ಮೇಡಮ್ಮಿನ ಫೋನು ಬಂತು. ಮಕ್ಕಳ ಪುಸ್ತಕ ಮಾಡಿಸುವ ಆ ಹೆಣ್ಣುಮಗಳು ಬಲು ಮರ್ಯಾದಸ್ಥಳು. ಬೈಯುವುದಿದ್ದರೂ ಸಕ್ಕರೆಯಲ್ಲಿ ಅದ್ದಿಯೇ ಬೈಯುತ್ತಿದ್ದಳು.

"ಯಾಕೂಬಣ್ಣ, ಆಡು ಚಲೋ ಬಂದೈತ್ರಿ. ಆದ್ರ ಅಜ್ಜ ಮಲಗಿದಂಗ ಕಾಣಂಗಿಲ್ಲ. ಸತ್ತಂಗ ಕಾಣತಾನ್ರಿ."

ಮಲಗಿದ ಅಜ್ಜನ ರುಮಾಲನ್ನು ಆಡೊಂದು ತಿಂದುಹಾಕುವುದೇ ಆ ಪುಸ್ತಕದ ಕತೆ, ಅದರ ಚಿತ್ರಗಳು ಯಾಕೂಬನವು. ಅಜ್ಜ ಸತ್ತಂತೆ ಕಂಡರೆ ಮಕ್ಕಳು ನಗುವ ಬದಲು ಅಳುತ್ತಾರೆ. ಸಂಜೆ ಐದರೊಳಗೆ ಜೀವವಿರುವ ಅಜ್ಜ ಬರದಿದ್ದರೆ ಪುಸ್ತಕವನ್ನು ಬೇರೆ ಕಲಾವಿದರಿಗೆ ಕೊಡಬೇಕಾಗುತ್ತದೆ ಎಂಬುದನ್ನೂ ಆಕೆ ಅಷ್ಟೇ ಸವಿಯಾಗಿ ತಿಳಿಸಿ ಫೋನಿಟ್ಟಳು.

ಯಾಕೂಬನಿಗೆ ನಾಚಿಕೆಯಾಯಿತು, ಆದರೆ ಆಶ್ಚರ್ಯವಾಗಲಿಲ್ಲ. ಇಪ್ಪತ್ತೈದು ವರ್ಷದಿಂದ ಏಕಸಂಬಿಯಲ್ಲಿ ಅವನು ಬರೆದದ್ದೆಲ್ಲ ಸತ್ತವರನ್ನೇ. ಯಾರಾದರೂ ತೀರಿಕೊಂಡರೆ ಮನೆಯವರು ಯಾವುದೋ ಹಳೆಯ ಗುರುತಿನ ಚೀಟಿ ಹಿಡಿದು ಅವನ ಬಾಗಿಲಿಗೆ ಬರುವರು. ಅದರಲ್ಲಿನ ಮಸುಕು ಮುಖವನ್ನು ನೋಡಿ ನೋಡಿ ಇವನು ಗೋಡೆಗೆ ತೂಗುಹಾಕುವ ಚಿತ್ರ ಬರೆದುಕೊಡುವನು. ಯಾಕೂಬ ಒಬ್ಬರ ಮುಖ ಬರೆದನೆಂದರೆ ಆ ಮುಖ ಇನ್ನು ಸಂತೆಯಲ್ಲಿ ಸಿಗುವುದಿಲ್ಲವೆಂದೇ ಊರಿನ ಲೆಕ್ಕ. ಫ್ಲೆಕ್ಸು ಬಂದ ಮೇಲೆ ಆ ಕೆಲಸವೂ ಸೊರಗಿ, ಹೇಗೋ ಈ ಮೊದಲ ಪುಸ್ತಕ ಕೈಗೆ ಸಿಕ್ಕಿತ್ತು. ಅದನ್ನಾದರೂ ಹೆಮ್ಮೆಯಿಂದ ಹೇಳಿಕೊಂಡನೇ? ಇಲ್ಲ. ಐವತ್ತು ಮುಟ್ಟಿದ ಗಂಡಸು ಆಡು, ಗುಬ್ಬಿ ಬರೆಯುತ್ತಾನೆಂದರೆ ಓಣಿಯವರು ನಕ್ಕಾರೆಂದು, ಕೇಳಿದವರಿಗೆಲ್ಲ "ಬೆಳಗಾವಿ ಕಡೀದು ಒಂದ್ ಕೆಲಸ" ಎಂದು ತೇಲಿಸಿಬಿಡುತ್ತಿದ್ದ.

ಹೆಂಡತಿ ಮಮತಾಜಳಿಗೆ ಒಂದು ಗಳಿಗೆ ಮಲಗಿಕೋ, ನೋಡಿ ಬರೆಯುತ್ತೇನೆ ಎಂದ. ತಾನು ಮಲಗಿದರೆ ರೊಟ್ಟಿ ಬಡಿಯುವವರು ಯಾರು ಎಂದು ಕೇಳಿ ಆಕೆ ಹಿಟ್ಟಿನ ಕೈಯಲ್ಲೇ ಅವನನ್ನು ಹೊರಗಟ್ಟಿದಳು.

ಹೊರಗೆ ಬಂದವನಿಗೆ ಎದುರು ಮನೆಯ ಕಟ್ಟೆಯ ಮೇಲೆ ಅಜ್ಜ ಸಿಕ್ಕೇಬಿಟ್ಟ. ಧರೆಪ್ಪ ಕಾಕಾ ನಸುಕಿನಲ್ಲೆದ್ದು ಕಬ್ಬಿಗೆ ನೀರು ಹಾಯಿಸಿ ಬಂದವರು, ಹತ್ತು ಗಂಟೆಗೆ ಕಾಲು ಚಾಚಿ ಉರುಳಿಕೊಂಡಿದ್ದರು. ರುಮಾಲು ಜಾರಿ ಕಿವಿಯ ಮೇಲೆ ಕೂತಿತ್ತು. ಬಾಯಿ ತೆರೆದಿತ್ತು, ಉಸಿರಿಗೊಮ್ಮೆ ಮೀಸೆಯ ತುದಿ ಏಳುತ್ತಿತ್ತು. ಯಾಕೂಬ ಟ್ರ್ಯಾಕ್ಟರಿನ ಹಿಂದೆ ಹಚ್ಚುವ ಡಬ್ಬಿಯ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತು ಪೆನ್ಸಿಲು ತೆಗೆದ. ಮಲಗಿದ ಹಿರಿಯನ ಬಾಯಿಯೊಳಗೆ ಇಣುಕಿ ಹಲ್ಲು ಎಣಿಸುವುದು ಕಳ್ಳತನವೇ ಎಂದು ಮನಸ್ಸು ಚುಚ್ಚಿತು. ಆದರೂ ಕೈ ನಿಲ್ಲಲಿಲ್ಲ. ಉಸಿರಾಡುವ ಮನುಷ್ಯನನ್ನು ಅದು ಮೊದಲ ಸಲ ಬರೆಯುತ್ತಿತ್ತು.

ಚಿತ್ರವನ್ನು ಎದೆಗವಚಿಕೊಂಡು ಗಂಗಾರಾಮನ ಫ್ಲೆಕ್ಸ್ ಅಂಗಡಿಗೆ ಹೋದ. ಅಲ್ಲಿ ನಾಲ್ಕಾರು ಜನ ಕೂತಿದ್ದರು. ದೀಪಾಲಿ ಮೇಡಮ್ಮಿನ ವಿಳಾಸ ಬರೆದುಕೊಟ್ಟು, ಇದನ್ನು ಸ್ಕ್ಯಾನ್ ಮಾಡಿ ಕಳಿಸು ಎಂದ. ಗಂಗಾರಾಮ ಚಿತ್ರ ನೋಡಿದವನೇ ಟೋಪಿ ತೆಗೆದು ಮೇಜಿನ ಮೇಲಿಟ್ಟ.

"ಯಾಕೂಬ ಮಾಮಾ, ಇದು ಯಾಕಂತ ಬರದ್ರಿ?"

ಆಡಿನ ಕತೆಗೆಂದು ಹೇಳಬೇಕಿತ್ತು. ಅಷ್ಟು ಜನರ ಮುಂದೆ ಯಾಕೂಬನ ನಾಲಿಗೆ ಹೊರಳಲಿಲ್ಲ.

"ನನ್ನ ಕೆಲಸ ಏನಂತ ನಿನಗ ಗೊತ್ತಿಲ್ಲೇನ? ಲಗೂನ ಕಳಸು," ಎಂದು ಗದರಿಬಿಟ್ಟ.

ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ಚಿತ್ರವನ್ನು ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ತನ್ನ ಕಲೆ ಇವರ ಬಾಯಿ ಕಟ್ಟಿಸಿತೆಂದು ಯಾಕೂಬ ಒಳಗೊಳಗೇ ಹಿಗ್ಗಿ, ಮನೆಗೆ ಬಂದು ಉಂಡು, ಹಿತ್ತಲ ಕೋಣೆಯಲ್ಲಿ ಮಲಗಿದ.

ಎರಡು ಗಂಟೆಗೆ ಮಮತಾಜ ಅಳುತ್ತ ಎಬ್ಬಿಸಿದಳು. ಧರೆಪ್ಪ ಕಾಕಾ ಹೋಗಿಬಿಟ್ಟರಂತೆ, ಊರಿನವರ ಮೊಬೈಲಿನಲ್ಲೆಲ್ಲ ಬಂದಿದೆಯಂತೆ.

ಯಾಕೂಬ ಹಾಸಿಗೆಯಲ್ಲಿ ಎದ್ದು ಕೂತ. ಹತ್ತು ಗಂಟೆಗೆ ತಾನು ನೋಡಿದ್ದು ನಿದ್ದೆಯೋ ಮತ್ತೊಂದೋ? ಮೀಸೆ ಅಲುಗಾಡಿದ್ದು ಗಾಳಿಗಿರಬಹುದೇ? ಹಿರಿಯ ಜೀವ ಕಣ್ಣೆದುರಿಗೇ ಹೋಗುತ್ತಿದ್ದಾಗ ಒಂದು ಗುಟುಕು ನೀರು ಬಿಡದೆ, ಡಬ್ಬಿಯ ಮರೆಯಲ್ಲಿ ಕೂತು ಹಲ್ಲು ಎಣಿಸಿದ್ದೆನಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು. ಮುಖ ಮುಚ್ಚಿಕೊಂಡು ಅತ್ತ. ಹಾಗೇ ಅಳುತ್ತ ಎದುರು ಮನೆಗೆ ಓಡಿದ.

ಅಂಗಳ ತುಂಬಿಹೋಗಿತ್ತು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವೆಂದು ಕರೋಶಿಯ ಬೀಗರು ರೊಟ್ಟಿ, ಜುಣಕದ ಬುಟ್ಟಿ ಹೊತ್ತು ತಂದಿದ್ದರು. ಬದುವಿನ ಜಗಳಕ್ಕೆ ಆರು ವರ್ಷ ಈ ಹೊಸ್ತಿಲು ತುಳಿಯದಿದ್ದ ಭಾವಮೈದುನ ಮಲಕಾರಿ ಶಿರಗುಪ್ಪಿಯಿಂದ ಟ್ರ್ಯಾಕ್ಟರಿನ ಡಬ್ಬಿ ತುಂಬ ಜನರನ್ನು ಹೇರಿಕೊಂಡು ಬಂದು, ಟಾವೆಲ್ಲಿನಲ್ಲಿ ಮುಖ ಹುದುಗಿಸಿ ಕಟ್ಟೆಯ ಮೇಲೆ ಅಳುತ್ತ ಕೂತಿದ್ದ. ಧರೆಪ್ಪನ ಹೆಂಡತಿ ಲಕ್ಕವ್ವ ಮಾತ್ರ ಏನೂ ತಿಳಿಯದೆ, ಕೈಗೆ ಬಂದ ಬುಟ್ಟಿಗಳನ್ನು ಒಳಗೆ ಇಡುತ್ತಿದ್ದಳು.

ಆಗ ಎಂಜಲು ಕೈಯಲ್ಲಿ ಧರೆಪ್ಪ ಕಾಕಾ ಹೊರಬಂದರು. ಗದ್ದಲ ನೋಡಿ ಗಾಬರಿಯಾಗಿ ಮಲಕಾರಿಯ ಪಕ್ಕ ಕೂತು, ಹೆಗಲ ಮೇಲೆ ಎಡಗೈ ಇಟ್ಟು ಕೇಳಿದರು:

"ಯಾರ್ ಹೋದ್ರೋ ತಮ್ಮಾ?"

"ನಮ್ಮ ಧರೆಪ್ಪ ಮಾಮಾ ಹೋದ್ನೋ," ಎಂದು ಮಲಕಾರಿ ಟಾವೆಲ್ಲಿನೊಳಗಿಂದಲೇ ಗೋಳಾಡಿದ. "ಬಂಗಾರದಂಥ ಮನಶ್ಯಾ. ಬದುವು ಅಂವಂದಽ ಇತ್ತು, ನಾನಽ ಸುಳ್ಳ ಹೇಳಿದ್ದೆ."

"ಹಿಂಗೋ," ಎಂದರು ಧರೆಪ್ಪ. ಆ ದನಿಗೆ ಮಲಕಾರಿ ಟಾವೆಲ್ಲು ಸರಿಸಿ ನೋಡಿ, ಕಟ್ಟೆಯಿಂದ ಕೆಳಗೆ ಬಿದ್ದ.

ಗುಲ್ಲು ಅಡಗಿದ ಮೇಲೆ ಸುದ್ದಿಯ ಜಾಡು ಹಿಡಿಯುತ್ತ ಎಲ್ಲರೂ ಗಂಗಾರಾಮನಿಗೆ ಬಂದು ನಿಂತರು. ಅವನು ಬೆರಳು ಚಾಚಿದ್ದು ಯಾಕೂಬನ ಕಡೆಗೆ. ಯಾಕೂಬ ಮಾಮಾ ಚಿತ್ರ ಬರೆದು ತಂದ ಮೇಲೆ ಮತ್ತೆ ಯಾರನ್ನು ಕೇಳಬೇಕಿತ್ತು ಎಂಬುದು ಅವನ ವಾದ. ಊರಿಗೆ ಊರೇ ತಲೆದೂಗಿತು.

ಯಾಕೂಬನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಇಷ್ಟು ದಿನ ನಾಚಿ ನುಂಗಿದ ಮಾತನ್ನು ಮೂರೂರಿನ ಜನರ ಮುಂದೆ ಉಗುಳಬೇಕಾಯಿತು.

"ಸಣ್ಣ ಹುಡುಗೂರ ಪುಸ್ತಕಕ್ಕ ಬರದಿದ್ನಿರಿ ಕಾಕಾ. ಆಡು ರುಮಾಲ ತಿನ್ನೂ ಕತಿ. ಹೇಳಾಕ ನಾಚಿಕಿ ಬಂತ್ರಿ."

ಯಾರೂ ನಗಲಿಲ್ಲ. ಅದಕ್ಕೇ ಅವನಿಗೆ ಇನ್ನಷ್ಟು ನಾಚಿಕೆಯಾಯಿತು. ಲಕ್ಕವ್ವ ಗಂಗಾರಾಮನ ಕೈಯಿಂದ ಚಿತ್ರವನ್ನು ಇಸಿದುಕೊಂಡು ಬಹಳ ಹೊತ್ತು ನೋಡಿದಳು. ಗೊರಕೆಯೊಂದು ಕೇಳುವುದು ಬಾಕಿ, ಉಳಿದದ್ದೆಲ್ಲ ಇದೆ ಎಂದಳು. ಧರೆಪ್ಪ ಕಾಕಾ ಹಾಳೆಯನ್ನು ಮಡಚದೆ ಒಳಗೊಯ್ದು ಟ್ರಂಕಿನಲ್ಲಿಟ್ಟು ಬಂದರು.

"ಇದು ಇಲ್ಲೇ ಇರ್ಲಿ. ಇಂದಿಲ್ಲ ನಾಳಿ ಬೇಕಾಗತೈತಿ. ಆಧಾರ ಕಾರ್ಡಿನ್ಯಾಗಿನ ಮಾರಿ ನೋಡಿ ನೀ ಬರದ್ರ, ಕೈ ಮುಗಿಯವ್ರು ಕಳ್ಳ ಅಂತ ತಿಳಕೊಂಡಾರು."

ಆ ಮಾತು ಎಲ್ಲರ ಎದೆಗೂ ನಾಟಿತು. ಒಬ್ಬೊಬ್ಬರೂ ಜೇಬಿನಿಂದ ತಂತಮ್ಮ ಆಧಾರ ಕಾರ್ಡು ತೆಗೆದು ನೋಡಿಕೊಂಡು ಕಂಗಾಲಾದರು. ಉಸಿರಿರುವಾಗಲೇ ತನ್ನದನ್ನೂ ಬರೆದಿಡು ಎಂದು ಮಲಕಾರಿ ಮೊದಲಿಗನಾದ. ಅವನ ಹಿಂದೆ ಕರೋಶಿಯ ಬೀಗರು ಸಾಲು ಹಚ್ಚಿದರು. ಯಾಕೂಬ ಪೆನ್ಸಿಲು ಹಿಡಿದ. ಊರೆಲ್ಲ ಹೆಣವಾಗಲು ಸಾಲಿನಲ್ಲಿ ನಿಂತರೂ ಚಿಂತೆಯಿಲ್ಲ, ಅಜ್ಜನಂತೂ ಬೆಳಗಾವಿ ಮುಟ್ಟಿದ್ದಾನೆ ಎಂಬ ಒಂದೇ ಸಮಾಧಾನ ಅವನಿಗೆ.

ಐದಕ್ಕೆ ಐದು ನಿಮಿಷವಿರುವಾಗ ದೀಪಾಲಿ ಮೇಡಮ್ಮಿನ ಸಂದೇಶ ಬಂತು. ಮನೆಯ ಹಿರಿಯರು ಹೋದ ಸುದ್ದಿ ನೋಡಿ ಸಂಕಟವಾಯಿತು, ಇಂಥ ಹೊತ್ತಿನಲ್ಲಿ ಕೆಲಸದ ತ್ರಾಸ ಬೇಡವೆಂದು ಪುಸ್ತಕವನ್ನು ಬೇರೆಯವರಿಗೆ ವಹಿಸಿದ್ದೇವೆ, ನೀವು ನಿಶ್ಚಿಂತೆಯಿಂದಿರಿ ಎಂದು ಬರೆದಿದ್ದಳು.

ಯಾಕೂಬ ಗಂಗಾರಾಮನ ಮುಖ ನೋಡಿದ. ಕಳಿಸು ಎಂದಿದ್ದಿರಲ್ಲ ಮಾಮಾ, ಬರೀ ಚಿತ್ರ ಹೇಗೆ ಕಳಿಸಲಿ ಎಂದು ಅವನು ಮೊಬೈಲು ತೋರಿಸಿದ. ಚಿನ್ನದ ಕಟ್ಟು, ಚೆಂಡುಹೂವಿನ ಹಾರ, ಎರಡು ಕಡೆ ದೀಪ, ನಡುವೆ ಬಾಯಿ ತೆರೆದ ಧರೆಪ್ಪ ಕಾಕಾ. ಮೇಲೆ ಭಾವಪೂರ್ಣ ಶ್ರದ್ಧಾಂಜಲಿ. ಕೆಳಗೆ ದುಃಖತಪ್ತರ ಸಾಲಿನಲ್ಲಿ ಮೊದಲ ಹೆಸರು ಯಾಕೂಬನದೇ.

ಯಾಕೂಬ ಅಲ್ಲಿಂದಲೇ ಫೋನು ಹಚ್ಚಿದ.

"ಮೇಡಮ್ಮಾರ, ಯಾರೂ ಸತ್ತಿಲ್ರಿ. ಕಾಕಾ ಇಲ್ಲೇ ಕುಂತಾರ್ರಿ."

ಆ ಕಡೆ ದೀಪಾಲಿಯ ದನಿ ಇನ್ನಷ್ಟು ಮೆತ್ತಗಾಯಿತು.

"ಮೊದಮೊದಲ ಹಂಗ ಅನಸತೈತ್ರಿ ಯಾಕೂಬಣ್ಣ. ನಮ್ಮಪ್ಪ ಹೋದಾಗ ನನಗೂ ಹಂಗ ಆಗಿತ್ತು. ನೀವು ಧೈರ್ಯ ತಗೋರ್ರಿ. ಮತ್ತ, ಚಿತ್ರ ಭಾಳ ಚಂದ ಬಂದೈತಿ. ಜೀವ ಐತ್ರಿ ಅದರಾಗ."

ಫೋನು ಕಟ್ಟಾಯಿತು. ಮಾತೆಲ್ಲ ಕೇಳಿಸಿಕೊಂಡಿದ್ದ ಧರೆಪ್ಪ ಕಾಕಾ ಕರೋಶಿಯಿಂದ ತಮ್ಮ ಸಾವಿಗೆಂದು ಬಂದ ರೊಟ್ಟಿ, ಜುಣಕವನ್ನೇ ಒಂದು ತಾಟಿಗೆ ಹಾಕಿ ಯಾಕೂಬನ ಮುಂದೆ ಸರಿಸಿದರು. ಯಾಕೂಬ ತಲೆ ತಗ್ಗಿಸಿ ಒಂದು ತುತ್ತು ಮುರಿದುಕೊಂಡ.

ತನ್ನ ಚಿತ್ರಕ್ಕೆಂದು ಕಟ್ಟೆಯ ಮೇಲೆ ಅಂಗಾತ ಮಲಗಿದ್ದ ಮಲಕಾರಿ ಒಂದು ಕಣ್ಣು ತೆರೆದು ಕೇಳಿದ:

"ಬಾಯಿ ಇಷ್ಟ್ ತೆರದ್ರ ಸಾಕೇನೋ, ಇನ್ನಷ್ಟ್ ತೆರೀಲಿ?"