ಭಾವಮೈದುನನ ಸಾಕ್ಷಿ, ನನ್ನ ದೋಣಿ

ಕೋಪದಲ್ಲೇ ಬರೆಯುತ್ತಿದ್ದೇನೆ. ಇದರಲ್ಲಿ ತಪ್ಪೇನಾದರೂ ಕಂಡರೆ ನೀವು ಬೈಯಬೇಕಾದದ್ದು ನನ್ನ ಹೆಂಡತಿ ಲೊರ್ನಾಳ ತಮ್ಮ ವೇಡ್‌ನನ್ನು.

ನಾನು ಸತ್ತ ಮೇಲೆ ನನ್ನ ಮೀನು ಹಿಡಿಯುವ ದೋಣಿ ವೇಡ್‌ಗೇ ಸೇರಬೇಕೆಂದು ಲೊರ್ನಾಳ ಹಟ. ಎರವಲು ಒಯ್ದು ಎರಡು ಸಲ ಬಂಡೆಗೆ ಗುದ್ದಿಸಿದ ಮಹಾನುಭಾವನಿಗೆ! ಬೇಡ ಎಂದರೆ ನನಗೆ ಮೂರು ಹೊತ್ತೂ ಡಬ್ಬಿಯ ಬೀನ್ಸು (ಅದೂ ತಣ್ಣಗಿನದು).

ನಮ್ಮ ನೆವಾಡಾದಲ್ಲಿ ಈಗ ಉಯಿಲನ್ನು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಮಾಡಬಹುದು. ವೀಡಿಯೊದಲ್ಲಿ ನೋಟರಿ, ಇಬ್ಬರು ಸಾಕ್ಷಿಗಳು, ಎಲ್ಲವೂ ಶಾಸನಬದ್ಧ. ಅದರ ನಿಯಮಗಳ ಪುಟದಲ್ಲಿ ಒಂದು ಸಾಲು ನನ್ನ ಕಣ್ಣಿಗೆ ಬಿತ್ತು: ಇರುವ ಇಬ್ಬರು ಸಾಕ್ಷಿಗಳಲ್ಲಿ ಒಬ್ಬನಿಗೆ ಉಯಿಲಿನಲ್ಲಿ ಏನಾದರೂ ಬಿಟ್ಟಿದ್ದರೆ ಅವನ ಪಾಲು ರದ್ದು. ಆಹಾ! ದೋಣಿ ವೇಡ್‌ಗೆ ಎಂದು ಬರೆದೆ. ವೇಡ್‌ನನ್ನೇ ಸಾಕ್ಷಿಗೆ ಕರೆದೆ.

"ನನ್ಮೇಲೆ ಅಷ್ಟು ನಂಬಿಕೇನಾ ಭಾವ?" ಎಂದು ಕಣ್ಣೊರೆಸಿಕೊಂಡ.

"ನಿನ್ನ ಬಿಟ್ರೆ ಇನ್ಯಾರಪ್ಪ ನಂಗೆ?"

'ಈ ಉಯಿಲಿನಿಂದ ನನಗೇನೂ ಸಿಗುವುದಿಲ್ಲ' ಎಂಬ ಚೌಕಕ್ಕೂ ಅವನು ಓದದೆ ಗುರುತು ಹಾಕಿದ. (ಓದುವ ಅಭ್ಯಾಸ ಅವರ ವಂಶದಲ್ಲೇ ಇಲ್ಲ.)

ಸಂಜೆ ಲೊರ್ನಾಳ ಉಯಿಲು. ನಾವಿರುವ ಮನೆ ಅವಳ ತಾಯಿಯಿಂದ ಬಂದದ್ದು, ನನಗೇ ಬಿಡುತ್ತೇನೆಂದಿದ್ದಳು.

"ಹಾರ್ಲನ್! ನನ್ನ ಎರಡನೇ ಸಾಕ್ಷಿ ಬರ್ಲೇ ಇಲ್ಲ. ನೋಟರಿ ಕಾಯ್ತಿದಾರೆ, ಬೇಗ ಬಾರೋ!"

ಟಿವಿಯಲ್ಲಿ ಆಟ ಕೊನೆಯ ಘಟ್ಟದಲ್ಲಿತ್ತು. ಸಿಡುಕುತ್ತಾ ಹೋಗಿ, ಕಂಡ ಚೌಕಗಳಿಗೆಲ್ಲ ಗುರುತು ಹಾಕಿ, ಸಹಿ ಮಾಡಿ ಓಡಿಬಂದೆ.

ಊಟಕ್ಕೆ ಕೂತಾಗ ಅವಳು ಬೀನ್ಸಿನ ಡಬ್ಬಿಯನ್ನು ಮುಂದಿಟ್ಟಳು. "ನೀನು ಆ ನಿಯಮದ ಪುಟಾನ ತೆರೆದಿಟ್ಟೇ ಎದ್ದು ಹೋಗಿದ್ದೆ ಕಣೋ. ನಾನೂ ಓದ್ದೆ."

ನಾನು ಡಬ್ಬಿಯನ್ನು ಪಕ್ಕಕ್ಕೆ ತಳ್ಳಿದೆ. "ಅಂದ್ರೆ... ಮನೆ?"

"ನಿಂಗೆ ಸಿಗದೇ ಇರೋದೆಲ್ಲ ವೇಡ್‌ಗೆ ಅಂತ ಕೊನೇ ಸಾಲಲ್ಲಿ ಬರ್ದಿದೀನಿ."

"ಮೋಸ! ಹಗಲು ದರೋಡೆ!" ಎಂದು ಮೇಜು ಗುದ್ದಿದೆ.

"ಕೂಗಾಡ್ಬೇಡ. ನೀನು ನಿಂದು ಸರಿ ಮಾಡು, ನಾನು ನಂದು ಸರಿ ಮಾಡ್ತೀನಿ."

ಮರುದಿನ ಅದೇ ನೋಟರಿ. ಸಾಕ್ಷಿಗಳು ಮಾತ್ರ ಪಕ್ಕದ ಮನೆಯ ದಂಪತಿ.

"ಹಾರ್ಲನ್ ಅವ್ರೇ, ಈ ಉಯಿಲು ಮಾಡೋಕೆ ಯಾರಾದ್ರೂ ನಿಮ್ಮ ಮೇಲೆ ಒತ್ತಡ ಹಾಕಿದಾರಾ?"

ಕ್ಯಾಮೆರಾಗೆ ಕಾಣದಂತೆ ಬಾಗಿಲಲ್ಲಿ ಲೊರ್ನಾ ಕೈಕಟ್ಟಿ ನಿಂತಿದ್ದಳು.

"ಇಲ್ಲ ಮೇಡಂ," ಎಂದು ಹಲ್ಲು ಕಚ್ಚಿದೆ. "ಸ್ವಂತ ಖುಷಿಯಿಂದ."

"ಸ್ವಲ್ಪ ಜೋರಾಗಿ ಹೇಳಿ, ರೆಕಾರ್ಡ್ ಆಗ್ಬೇಕು. ಹೊರಗಡೆ ಏನೋ ಮೋಟರ್ ಸದ್ದು."

ಅದು ನನ್ನ ದೋಣಿಯ ಮೋಟರು. ವೇಡ್ ಶುರುಮಾಡಿ ನೋಡುತ್ತಿದ್ದ.

"ಖುಷಿಯಿಂದ!" ಎಂದು ಕಿರುಚಿದೆ.

"ಥ್ಯಾಂಕ್ಸ್ ಭಾವ!" ಎಂದ ಅಂಗಳದಿಂದ.